ಐಟಿ ಕೆಲಸ ಬಿಟ್ಟು ನಾಟಕದ ಲೈಟಿಂಗ್‌ಗೆ ಹೋಗಬೇಕು ಅಂತಿದ್ದೇನೆ. ಧೈರ್ಯ ಸಾಲುತ್ತಿಲ್ಲ

ಸಂಜೆಬೆಳಕು
ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 32 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ದಾಟಿದೆ. ಕೆಲಸ ಕೆಟ್ಟದ್ದೇನಲ್ಲ. ಸಂಬಳ ಸರಿಯಾಗಿ ಬರುತ್ತದೆ, ಮ್ಯಾನೇಜರ್ ಕೂಡ ಒಳ್ಳೆಯವರೇ. ಆದರೆ ವಾರಪೂರ್ತಿ ನಾನು ಕಾಯುವುದು ಶನಿವಾರಕ್ಕೆ. ಒಂದು ಹವ್ಯಾಸಿ ತಂಡದಲ್ಲಿ ಲೈಟಿಂಗ್ ಮಾಡುತ್ತೇನೆ. ನಟನೆ ಅಲ್ಲ. ಏಣಿ ಹತ್ತಿ ಲೈಟ್ ಕಟ್ಟುವುದು, ಫೋಕಸ್ ಮಾಡುವುದು, ಕ್ಯೂ ಶೀಟ್ (ಯಾವಾಗ ಯಾವ ಲೈಟು ಅನ್ನುವ ಪಟ್ಟಿ) ಬರೆಯುವುದು, ಶೋ ದಿನ ಲೈಟ್ ಬೋರ್ಡ್ ಮುಂದೆ ಕೂರುವುದು.

ಹೋದ ತಿಂಗಳು ಒಂದು ಶೋನಲ್ಲಿ ಮುದುಕಿ ಪಾತ್ರ ಒಲೆ ಮುಂದೆ ಕೂತಿರುವ ದೃಶ್ಯ. ಎರಡು ಹಳೇ ಹ್ಯಾಲೊಜನ್ ಪಾರ್ ಲೈಟ್ ಇಟ್ಟುಕೊಂಡು ಬಹಳ ನಿಧಾನವಾಗಿ ಇಳಿಸಿದೆ. ಹ್ಯಾಲೊಜನ್ ಇಳಿಸುತ್ತಾ ಹೋದರೆ ಬಿಳಿ ಹೋಗಿ ಹಳದಿ ಬರುತ್ತದೆ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಮುಖ ಮರೆಯಾಗಿ ಬರೀ ಎರಡು ಕೈ ಕಾಣುವ ಹೊತ್ತಿಗೆ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಫೀಸಿನಲ್ಲಿ ಇಷ್ಟು ವರ್ಷದಲ್ಲಿ ಯಾವತ್ತೂ ಅಂಥ ಖುಷಿ ಆಗಿಲ್ಲ.

ಕೆಲಸ ಬಿಟ್ಟು ಇದನ್ನೇ ಸರಿಯಾಗಿ ಕಲಿಯಬೇಕು ಅಂತ ಆಸೆ. ಮದುವೆ ಆಗಿಲ್ಲ, ಸಾಲ ಇಲ್ಲ. ಅಪ್ಪ ಅಮ್ಮ ಮದ್ದೂರು ಹತ್ತಿರ ಊರಲ್ಲಿ ಇದ್ದಾರೆ. ಅಪ್ಪನಿಗೆ ಸ್ವಲ್ಪ ಸುಳಿವು ಕೊಟ್ಟೆ. "ಲೈಟ್ ಹಾಕೋದಕ್ಕೆ ಎಂಸಿಎ ಓದಿಸಬೇಕಿತ್ತಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೀಗೆ ಬಿಟ್ಟು ಹೋದವರು ಯಾರಾದರೂ ಇದ್ದೀರಾ? ಧೈರ್ಯ ಹೇಗೆ ಬಂತು?

ಬೆಂಕಿಪೊಟ್ಟಣ
ನಾಳೆನೇ ರಾಜೀನಾಮೆ ಕೊಡಿ. ಧೈರ್ಯ ಬಂದಮೇಲೆ ಬಿಡುತ್ತೇನೆ ಅಂದರೆ ಅರವತ್ತಾದರೂ ಬರಲ್ಲ.

ಲೆಕ್ಕದಮೇಷ್ಟ್ರು
ಮೇಲಿನವರು ಬಾಡಿಗೆ ಕಟ್ಟಿಕೊಡುತ್ತಾರಾ ಕೇಳಿ ನೋಡಿ.

ತಂಗಿ, ಧೈರ್ಯದ ಮಾತು ಆಮೇಲೆ. ಮೊದಲು ನಾಲ್ಕು ಪ್ರಶ್ನೆ. ಸಂಬಳ ಇಲ್ಲದೆ ಎಷ್ಟು ತಿಂಗಳು ನಡೆಯುವಷ್ಟು ದುಡ್ಡು ಕೈಯಲ್ಲಿದೆ? ಅಪ್ಪ ಅಮ್ಮನ ಆರೋಗ್ಯ ವಿಮೆ ಕಂಪನಿಯದ್ದಾ, ಬೇರೆ ಇದೆಯಾ? ನೋಟಿಸ್ ಪೀರಿಯಡ್ ಎಷ್ಟು? ಊರಿಗೆ ಪ್ರತಿ ತಿಂಗಳು ದುಡ್ಡು ಕಳಿಸುತ್ತೀರಾ? ಇದಕ್ಕೆಲ್ಲ ಉತ್ತರ ಬರೆದಿಟ್ಟರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಸಾಗರದಹುಡುಗ
ಹೆಗ್ಗೋಡಿನ ನೀನಾಸಂ ನೋಡಿದ್ದೀರಾ? ಸಂಸ್ಥೆ 1949ರದ್ದು, ಅಲ್ಲಿಯ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಲ್ಲೇ ಉಳಿದುಕೊಂಡು ಕಲಿಯುವ ಕೋರ್ಸ್. ಬರೀ ನಟನೆ ಅಲ್ಲ, ಸೆಟ್ಟು, ಬೆಳಕು, ಪ್ರಸಾಧನ ಎಲ್ಲದಕ್ಕೂ ಕೈ ಹಾಕಿಸುತ್ತಾರೆ. ಬೆಳಗ್ಗೆ ಎದ್ದು ಕಸ ಗುಡಿಸುವುದೂ ಅದರಲ್ಲೇ ಸೇರಿದೆ ಅಂದುಕೊಳ್ಳಿ.

1985ರಿಂದ ತಿರುಗಾಟ ಅಂತ ಅವರದೇ ಸಂಚಾರಿ ನಾಟಕ ತಂಡ ಇದೆ. ಆ ತಂಡ ಲೈಟು, ಸೆಟ್ಟು ಎಲ್ಲ ಗಾಡಿಗೆ ಹೇರಿಕೊಂಡು ಊರೂರು ಸುತ್ತುತ್ತದೆ. ಇವತ್ತು ಒಳ್ಳೆ ರಂಗಮಂದಿರ, ನಾಳೆ ಶಾಲೆ ಅಂಗಳ. ಲೈಟಿಂಗ್ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಬೆಂಗಳೂರಿನಿಂದ ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಇಳಿದರಾಯಿತು. ಒಂದು ಸಲ ಬಂದು ನೋಡಿಕೊಂಡು ಹೋಗಿ.

ಮೂರನೇಬೆಲ್
ಮೈಸೂರಿನ ರಂಗಾಯಣದಲ್ಲೂ ಡಿಪ್ಲೊಮಾ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ, ಶಿವಸಂಚಾರ ತಂಡ ಅಲ್ಲಿಯದೇ. ದೆಹಲಿಯ ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಮಾತ್ರ ನಿಮಗೆ ಆಗಲ್ಲ, ಸಾಮಾನ್ಯ ವರ್ಗಕ್ಕೆ 30 ವಯಸ್ಸಿನ ಮಿತಿ. ಉಳಿದ ಕಡೆ ಈ ವರ್ಷದ ಪ್ರಕಟಣೆ ನೋಡಿಕೊಂಡು ಫೋನ್ ಮಾಡಿ. ಇಲ್ಲಿ ಯಾರೋ ಹೇಳಿದ್ದು ನಂಬಿ ಕೂರಬೇಡಿ. ನನ್ನನ್ನೂ ಸೇರಿಸಿ.

ಸೈಡ್‌ವಿಂಗ್
ನಾನು ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಬರೆದ ಆ ಒಲೆ ದೃಶ್ಯ ಓದಿ ಖುಷಿಯಾಯಿತು. ನಿಮಗೆ ಕಣ್ಣಿದೆ. ಎಲ್‌ಇಡಿ ಇಳಿಸಿದರೆ ಹಾಗೆ ಕೆಂಪಾಗಲ್ಲ, ಅದೇ ಬಣ್ಣದಲ್ಲಿ ಸಾಯುತ್ತದೆ. ಆ ಕೆಂಪನ್ನು ನಾವೇ ಬೇರೆ ಬಣ್ಣ ಬೆರೆಸಿ ತರಬೇಕು. ಇದನ್ನು ಗಮನಿಸುವವರು ಕಡಿಮೆ.

ಆದರೆ ಆ ದೃಶ್ಯ ನಮ್ಮ ಕೆಲಸದಲ್ಲಿ ಐದು ನಿಮಿಷ ಅಷ್ಟೇ. ಉಳಿದದ್ದು ಕೇಳಿ. ಬೆಳಗ್ಗೆ ಎಂಟಕ್ಕೆ ಹಾಲ್‌ಗೆ ಹೋದರೆ ಬಾಗಿಲ ಕೀ ಇಟ್ಟುಕೊಂಡವನು ಬಂದಿರಲ್ಲ. ಜಿಲ್ಲಾ ಕೇಂದ್ರಗಳ ಎಷ್ಟೋ ರಂಗಮಂದಿರಗಳಲ್ಲಿ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇರುತ್ತದೆ, ಅರ್ಧ ಚಾನಲ್ ಸತ್ತಿರುತ್ತವೆ. ಹಳ್ಳಿ ಕಡೆ ಹೋದರೆ ಒಂದು 15 ಆಂಪ್ಸ್ ಸಾಕೆಟ್ ತೋರಿಸಿ "ಇದರಲ್ಲೇ ಎಲ್ಲಾ ಹಾಕಿಕೊಳ್ಳಿ ಸಾರ್" ಅನ್ನುತ್ತಾರೆ. ಸಾವಿರ ವ್ಯಾಟಿನ ಪಾರ್ ಅದರಲ್ಲಿ ಮೂರು ನಡೆಯುತ್ತವೆ, ನಾಲ್ಕನೆಯದು ಹಾಕಿದರೆ ಇಡೀ ಊರಿಗೆ ಕತ್ತಲು. ಆಮೇಲೆ ಆರು ಗಂಟೆಗೆ ನಿರ್ದೇಶಕರು ಬಂದು "ಇನ್ನೂ ಸ್ವಲ್ಪ ಮೂಡ್ ಬೇಕು" ಅನ್ನುತ್ತಾರೆ. ಶೋ ಮುಗಿದು ಎಲ್ಲರೂ ಹಾರ ಹಾಕಿಸಿಕೊಂಡು ಫೋಟೊಗೆ ನಿಂತಾಗ ನಾವು ಕೇಬಲ್ ಸುತ್ತುತ್ತಿರುತ್ತೇವೆ. ಬಿಸಿ ಲೈಟ್ ಇಳಿಸಲು ಕಾಯಬೇಕು. ಮನೆ ಸೇರುವಾಗ ರಾತ್ರಿ ಒಂದೂವರೆ.

ದುಡ್ಡು: ಬರೀ ಕನ್ನಡ ನಾಟಕದ ಲೈಟಿಂಗ್ ನಂಬಿ ಬೆಂಗಳೂರಿನಲ್ಲಿ ಬದುಕಲು ಆಗಲ್ಲ. ಹವ್ಯಾಸಿ ತಂಡದವರು ಕೊಡುವುದು ಆಟೋಗೂ ಊಟಕ್ಕೂ ಸರಿ. ನನ್ನ ಮನೆ ನಡೆಯುವುದು ಭರತನಾಟ್ಯ ರಂಗಪ್ರವೇಶ, ಕಂಪನಿಗಳ ವಾರ್ಷಿಕೋತ್ಸವ, ಮದುವೆ ರಿಸೆಪ್ಷನ್‌ಗಳಿಂದ. ಅದರಲ್ಲಿ ನನಗೇನೂ ನಾಚಿಕೆ ಇಲ್ಲ. ರಿಸೆಪ್ಷನ್‌ನಲ್ಲಿ ದುಡಿದ ದುಡ್ಡಿನಿಂದ ತಗೊಂಡ ಪ್ರೊಫೈಲ್ ಲೈಟ್ ನಾಟಕಕ್ಕೂ ಬರುತ್ತದೆ ಅಲ್ವಾ.

ನನ್ನ ಸಲಹೆ ಇಷ್ಟೇ. ರಾಜೀನಾಮೆಗೆ ಮುಂಚೆ ಇರುವ ರಜೆಯೆಲ್ಲ ಒಟ್ಟಿಗೆ ಹಾಕಿ ಯಾವುದಾದರೂ ಟೂರ್ ತಂಡದ ಜೊತೆ ಹೋಗಿ. ಡಿಸೈನರ್ ಆಗಿ ಅಲ್ಲ, ಕೇಬಲ್ ಹೊರುವವರಾಗಿ. ಕೊನೆಯ ದಿನ ಲಾರಿಗೆ ಪೆಟ್ಟಿಗೆ ಏರಿಸುವಾಗಲೂ ನಾಳೆ ಯಾವ ಊರು ಅಂತ ಕೇಳುವ ಮನಸ್ಸಿದ್ದರೆ ಬನ್ನಿ.

ಬೆಂಕಿಪೊಟ್ಟಣ
ಇಷ್ಟೆಲ್ಲ ಲೆಕ್ಕ ಹಾಕಿದ್ದರೆ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿಗೆ ಓಡಿ ಹೋಗುತ್ತಿದ್ದರಾ? ಓಡಿ ಹೋದರು, ಕಾರಂತರಾದರು. ಅಷ್ಟೇ.

ಹಳೇಪೇಪರ್
ಅಷ್ಟೇ ಅಲ್ಲ ಸ್ವಾಮಿ. ಕತೆ ಅರ್ಧಕ್ಕೆ ನಿಲ್ಲಿಸಬೇಡಿ. ಗುಬ್ಬಿ ವೀರಣ್ಣನವರೇ ಕಾರಂತರನ್ನು ಬನಾರಸ್‌ಗೆ ಎಂಎ ಓದಲು ಕಳಿಸಿದರು. ಆಮೇಲೆ ಎನ್‌ಎಸ್‌ಡಿ. ಅದು ಮುಗಿಸಿದಮೇಲೂ ದೆಹಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುವ ಮೇಷ್ಟ್ರಾಗಿದ್ದರು. ಎನ್‌ಎಸ್‌ಡಿ ನಿರ್ದೇಶಕರಾಗಿದ್ದು, 1989ರಲ್ಲಿ ಮೈಸೂರಿಗೆ ಬಂದು ರಂಗಾಯಣ ಕಟ್ಟಿದ್ದು ಎಲ್ಲ ಆಮೇಲೆ. ಓಡಿ ಹೋದ ಹುಡುಗನ ಹಿಂದೆ ಅನ್ನ ಹಾಕಿ ಓದಿಸಿದ ಒಂದು ಕಂಪನಿ ಇತ್ತು. ಅದನ್ನು ಬಿಟ್ಟು ಹೇಳಿದರೆ ಹೇಗೆ?

ಗಿರೀಶ ಕಾರ್ನಾಡರದ್ದೂ ಹಾಗೇ. ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನ ಕೆಲಸ ಬಿಟ್ಟದ್ದು 1970ರಲ್ಲಿ. ಅಷ್ಟರಲ್ಲಿ ನಾಟಕಕಾರ ಅಂತ ಹೆಸರಾಗಿತ್ತು, ಹೋಮಿ ಭಾಭಾ ಫೆಲೋಶಿಪ್ ಕೂಡ ಸಿಕ್ಕಿತ್ತು.

ಇನ್ನು ಕೆಲಸ ಬಿಡದೇ ಮಾಡಿದವರ ಪಟ್ಟಿ ಬೇಕಾ? ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್, ರಾಳದ ಉದ್ಯಮದಲ್ಲಿದ್ದುಕೊಂಡೇ ಕಾದಂಬರಿ ಬರೆದರು. ಕೆ.ಎಸ್. ನರಸಿಂಹಸ್ವಾಮಿಗಳು ಸರ್ಕಾರಿ ಗುಮಾಸ್ತರು. ಅವರಿಗೆ ಧೈರ್ಯ ಇರಲಿಲ್ಲ ಅನ್ನುತ್ತೀರಾ?

ಬೆಂಕಿಪೊಟ್ಟಣ
ಪದ್ಯ ರಾತ್ರಿ ಮನೆಯಲ್ಲಿ ಕೂತು ಬರೆಯಬಹುದು. ಲೈಟಿಂಗ್ ರಾತ್ರಿ ಮನೆಯಲ್ಲಿ ಮಾಡೋಕಾಗುತ್ತಾ? ಕೈಲಾಸಂ ಲಂಡನ್‌ನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸರ್ಕಾರದ ಕೆಲಸ ಬಿಟ್ಟರಲ್ಲ, ಅವರ ಹೆಸರು ಯಾಕೆ ಬರಲಿಲ್ಲ ಪಟ್ಟಿಯಲ್ಲಿ?

ಹಳೇಪೇಪರ್
ಲೈಟಿಂಗ್ ಮಾತು ಒಪ್ಪಿದೆ. ಕೈಲಾಸಂ ಹೆಸರು ತಂದದ್ದಕ್ಕೂ ಸೈ. ಅವರ ಕೊನೆಗಾಲದ ದುಡ್ಡಿನ ಪಾಡು ಏನಿತ್ತು ಅಂತಲೂ ಓದಿಕೊಳ್ಳಿ.

ಕಡಲತಡಿ
ಬೆಳಕಿನ ಮಾತು ಬಂತಲ್ಲ, ಒಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ನಮ್ಮ ಕಡೆ ಯಕ್ಷಗಾನಕ್ಕೆ ಈಗ ಹಾಕುವ ಎಲ್‌ಇಡಿ ನೋಡಿದ್ದೀರಾ? ನೇರಳೆ, ಗಿಳಿಹಸಿರು, ಕಣ್ಣು ಕುಕ್ಕುತ್ತದೆ. ಬಣ್ಣದ ವೇಷದ ಮುಖದಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಅಕ್ಕಿಹಿಟ್ಟಿನ ಚಿಟ್ಟಿ, ಎಳೆದ ಗೆರೆ ಒಂದೂ ಕಾಣಲ್ಲ. ದೊಂದಿ ಬೆಳಕಿನಲ್ಲಿ ಅದೇ ವೇಷ ನೋಡಬೇಕು, ಕೆಂಪು ಉರಿದುಹೋಗುತ್ತದೆ. ಲೈಟಿಂಗ್ ಕಲಿತವರು ಮೇಳಗಳಿಗೆ ಬಂದು ಯಾವ ಬಣ್ಣಕ್ಕೆ ಯಾವ ಬೆಳಕು ಅಂತ ಹೇಳಿಕೊಟ್ಟರೆ ಪುಣ್ಯ ಬರುತ್ತದೆ.

ಸೈಡ್‌ವಿಂಗ್
ಕಡಲತಡಿ, ಮೇಳದವರು ಒಪ್ಪಬೇಕಲ್ಲ! ಜನಕ್ಕೆ ಝಗಮಗ ಬೇಕು ಅನ್ನುತ್ತಾರೆ.

ಕಡಲತಡಿ
ಜನ ಕೇಳಿದ್ದಾರಾ, ಇವರೇ ಅಂದುಕೊಂಡದ್ದಾ ಅನ್ನುವುದೇ ನನ್ನ ತಕರಾರು.

ರೊಟ್ಟಿಚಟ್ನಿ
ಎಲ್ಲಾರೂ ರೊಕ್ಕದ ಮಾತೇ ಆಡಾಕತ್ತೀರಿ. ಆಕಿ ಹೆಣ್ಮಗಳು ಅನ್ನೋದು ಯಾರೂ ನೋಡಲಿಲ್ಲ ಬಿಡ್ರಿ.

ನಮ್ಮ ಅಕ್ಕ ಧಾರವಾಡದಲ್ಲಿ ನಾಟಕದ ತಂಡದಲ್ಲಿ ಇದ್ದಳು. ಮನೆಯಲ್ಲಿ ಜಗಳ ಆಗಿದ್ದು ನಾಟಕಕ್ಕಲ್ಲ, ರಾತ್ರಿ ಎಷ್ಟಕ್ಕೆ ಬರುತ್ತಿ, ಯಾರ ಗಾಡಿಯಲ್ಲಿ ಬರುತ್ತಿ ಅನ್ನುವುದಕ್ಕೆ. ಅಕ್ಕ ಏನು ಮಾಡಿದಳು ಗೊತ್ತಾ? ಅಪ್ಪನನ್ನು ತಾಲೀಮಿಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿದಳು. ಅಪ್ಪ ಎರಡು ತಾಸು ಕೂತು ನೋಡಿದರು. ವಾಪಸ್ ಬರುವಾಗ ಅಂದದ್ದು ಒಂದೇ ಮಾತು, "ಆ ರಾಜನ ಪಾರ್ಟಿನವನಿಗೆ ಮಾತು ಬಾಯಿಪಾಠ ಇಲ್ಲ." ಆಮೇಲೆ ಜಗಳ ಪೂರ್ತಿ ನಿಲ್ಲಲಿಲ್ಲ, ಆದರೆ ಆ ರಾಜ ಈಗಲಾದರೂ ಮಾತು ಕಲಿತನಾ ಅಂತ ಕೇಳುತ್ತಿದ್ದರು. ನೀವೂ ಅಪ್ಪನನ್ನು ಬೋರ್ಡ್ ಪಕ್ಕ ಕೂರಿಸಿಕೊಳ್ಳಿ.

ದೂರದೂರು
ಎಲ್ಲರೂ ಹಾರು ಹಾರು ಅನ್ನುತ್ತಿದ್ದೀರಿ, ಇಲ್ಲವೇ ಲೆಕ್ಕ ಹಾಕು ಅನ್ನುತ್ತಿದ್ದೀರಿ. ನನ್ನದು ಮೂರನೆಯದು. ಇಷ್ಟದ ಕೆಲಸ ಇಷ್ಟವಾಗಿಯೇ ಉಳಿಯಬೇಕು ಅಂದರೆ ಅದರಿಂದ ಬಾಡಿಗೆ ಕಟ್ಟಿಸಬೇಡಿ. ನಾನು ಫೋಟೊಗ್ರಫಿಯನ್ನೇ ವೃತ್ತಿ ಮಾಡಿಕೊಂಡವನು. ದುಡ್ಡೂ ಬಂತು. ಈಗ ರಜೆಯಲ್ಲಿ ಮಕ್ಕಳ ಫೋಟೊ ತೆಗೆಯಲು ಕ್ಯಾಮೆರಾ ಹೊರಗೆ ತೆಗೆಯಲ್ಲ, ಹೆಂಡತಿಯ ಫೋನೇ ಗತಿ.

ಮೂರನೇಬೆಲ್
ದೂರದೂರು, ಹಾಗಂತ ಟೆಸ್ಟಿಂಗ್ ಮಾಡುವವರು ಮನೆಗೆ ಹೋಗಿ ಖುಷಿಗೆ ಟೆಸ್ಟಿಂಗ್ ಮಾಡುತ್ತಾರಾ? ಯಾವ ಕೆಲಸವಾದರೂ ದಿನಾ ಮಾಡಿದರೆ ಸ್ವಲ್ಪ ಸವೆಯುತ್ತದೆ. ನೀವು ಫೋಟೊಗ್ರಫಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೀರಾ ಹೇಳಿ.

ದೂರದೂರು
ಇಲ್ಲ. ಹಿಡಿದುಬಿಟ್ಟಿರಿ.

ಸಂಜೆಬೆಳಕು
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸೈಡ್‌ವಿಂಗ್ ಸರ್, ನಿಮ್ಮ ಪೋಸ್ಟ್ ಓದಿ ಹೆದರಿಕೆ ಆಗಬೇಕಿತ್ತು. ಆದರೆ ಆ ಸಾಕೆಟ್ ಕತೆ ಓದುವಾಗ ನಾನು ಮನಸ್ಸಲ್ಲೇ ಮೂರು ಲೈಟಿನಲ್ಲಿ ದೃಶ್ಯ ಹೇಗೆ ಮಾಡುವುದು ಅಂತ ಯೋಚಿಸುತ್ತಿದ್ದೆ.

ಮೇಷ್ಟ್ರೇ, ಉತ್ತರಗಳು: ಉಳಿತಾಯದಲ್ಲಿ ಒಂದೂವರೆ ವರ್ಷ ನಡೆಯುತ್ತದೆ, ಬೆಂಗಳೂರು ಬಿಟ್ಟರೆ ಇನ್ನೂ ಜಾಸ್ತಿ. ನೋಟಿಸ್ ಮೂರು ತಿಂಗಳು. ಊರಿಗೆ ದುಡ್ಡು ಕಳಿಸುತ್ತೇನೆ, ಅಮ್ಮ ಅದನ್ನು ಖರ್ಚು ಮಾಡದೆ ಚೀಟಿ ಕಟ್ಟುತ್ತಾರೆ. ವಿಮೆ ಮಾತ್ರ ಕಂಪನಿಯದ್ದೇ, ಅಪ್ಪನಿಗೆ ಶುಗರ್ ಇದೆ.

ಲೆಕ್ಕದಮೇಷ್ಟ್ರು
ಹಾಗಾದರೆ ನಿಮ್ಮ ನಿಜವಾದ ಸಮಸ್ಯೆ ವಿಮೆ, ಧೈರ್ಯ ಅಲ್ಲ. ರಾಜೀನಾಮೆ ಬರೆಯುವ ಮುಂಚೆ ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ ಮಾಡಿಸಿ. ಶುಗರ್ ಮುಚ್ಚಿಡಬೇಡಿ, ಸ್ಪಷ್ಟವಾಗಿ ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಗರಿಷ್ಠ ಮೂರು ವರ್ಷ, ಮುಂಚೆ ನಾಲ್ಕಿತ್ತು. ಕಂಪನಿಯ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ಕೆಲಸದಲ್ಲಿ ಇರುವಾಗಲೇ ಎಚ್‌ಆರ್ ಹತ್ತಿರ ಕೇಳಿ. ಬಿಟ್ಟಮೇಲೆ ಅವರು ಫೋನ್ ಎತ್ತಲ್ಲ.

ಇನ್ನೊಂದು. ಒಂಬತ್ತು ವರ್ಷ ಆಗಿದೆ ಅಂದಿರಿ. ಪಿಎಫ್ ಜೊತೆಗಿರುವ ಪಿಂಚಣಿ ಸ್ಕೀಮಿಗೆ ಹತ್ತು ವರ್ಷ ಸೇವೆ ಬೇಕು. ಅದು ಆಗುವ ತನಕ ತಡೆಯಿರಿ.

ಬೆಂಕಿಪೊಟ್ಟಣ
ಮೇಷ್ಟ್ರೇ, ಆ ಪಿಂಚಣಿ ಎಷ್ಟು ಬರುತ್ತದೆ ಅಂತಲೂ ಹೇಳಿ ಮತ್ತೆ. 15,000 ಗುಣಿಸು 10, ಭಾಗಿಸು 70. ತಿಂಗಳಿಗೆ 2,142 ರೂಪಾಯಿ. ಅದೂ 58 ಆದಮೇಲೆ. ಅದಕ್ಕೋಸ್ಕರ ಇನ್ನೊಂದು ವರ್ಷ ಬಗ್ ಹುಡುಕಬೇಕಾ?

ಲೆಕ್ಕದಮೇಷ್ಟ್ರು
ನಿಮಗೆ ಲೆಕ್ಕ ಬರುತ್ತದೆ ಅಂತ ಇವತ್ತು ಗೊತ್ತಾಯಿತು.

ಪಾಸ್‌ಬುಕ್
ಇಬ್ಬರೂ ನಿಲ್ಲಿ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರಿದವರ ಬೇಸಿಕ್ 15,000ಕ್ಕಿಂತ ಜಾಸ್ತಿ ಇದ್ದರೆ ಆ ಪಿಂಚಣಿ ಸ್ಕೀಮಿಗೇ ಸೇರಿಸಲ್ಲ. ಪಾಸ್‌ಬುಕ್ ತೆಗೆದು ಪೆನ್ಷನ್ ಕಾಲಂ ನೋಡಿ. ತಿಂಗಳಿಗೆ 1,250 ಬರುತ್ತಿದ್ದರೆ ನೀವು ಸ್ಕೀಮಿನಲ್ಲಿದ್ದೀರಿ, ಸೊನ್ನೆ ಇದ್ದರೆ ಇಲ್ಲ. ಇನ್ನು ಹತ್ತು ಪೂರ್ತಿ ಬೇಕಿಲ್ಲ, ಒಂಬತ್ತೂವರೆ ಆದರೆ ಹತ್ತು ಅಂತಲೇ ಲೆಕ್ಕ. ಪಿಎಫ್ ದುಡ್ಡು ಮಾತ್ರ ಸುಮ್ನೆ ಮುಟ್ಟಬೇಡಿ, ಅಲ್ಲೇ ಇರಲಿ, ಬಡ್ಡಿ ಬರುತ್ತಿರುತ್ತದೆ.

ತಿಪಟೂರುಕೊಬ್ಬರಿ
ನಾಟಕದ ಚರ್ಚೆ ಅಂತ ಬಂದೆ. ಪಿಎಫ್ ಆಫೀಸಿಗೆ ಬಂದ ಹಾಗಾಯಿತು. ರಂಗಶಂಕರ ನಾಟಕಮಂದಿರದ ಸಾಬೂದಾನ ವಡೆ ಬಗ್ಗೆ ಯಾರಾದರೂ ಮಾತಾಡಿ.

ಮೂರನೇಬೆಲ್
ವಡೆ ತಿನ್ನುತ್ತಾ ನಿಂತು ಮೂರನೇ ಬೆಲ್ ಆಗಿ ಬಾಗಿಲು ಹಾಕಿಬಿಟ್ಟರು ಅಂತ ಅಳುವವರನ್ನು ನೋಡಿದ್ದೇನೆ. ಅಲ್ಲಿ ಶೋ ಶುರುವಾದಮೇಲೆ ಯಾರನ್ನೂ ಬಿಡಲ್ಲ. ಹೆಚ್ಚಿನ ಕಡೆ ಈ ಶಿಸ್ತು ಬರಬೇಕು.

ತಿಪಟೂರುಕೊಬ್ಬರಿ
ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೂ ಅದೇ ಶಿಸ್ತಾ? ಜೆ.ಪಿ. ನಗರಕ್ಕೆ ಹೆಬ್ಬಾಳದಿಂದ ಬಂದು ನೋಡಿ ಒಂದು ಸಲ.

ಸೈಡ್‌ವಿಂಗ್
ತಡವಾಗಿ ಬಂದವರು ಬಾಗಿಲು ತೆಗೆದಾಗ ಹೊರಗಿನ ಟ್ಯೂಬ್‌ಲೈಟ್ ಒಳಗೆ ಬೀಳುತ್ತದಲ್ಲ, ಅದು ನನ್ನ ಕ್ಯೂ ಶೀಟಿನಲ್ಲಿ ಇರಲ್ಲ. ಬಾಗಿಲು ಹಾಕಿದ್ದೇ ಸರಿ.

ಸಂಜೆಬೆಳಕು
ಪಾಸ್‌ಬುಕ್ ಅವರೇ, ನೋಡಿದೆ. 1,250 ಇದೆ. ಒಂಬತ್ತೂವರೆ ಆಗಲು ಸ್ವಲ್ಪವೇ ಬಾಕಿ, ನೋಟಿಸ್ ಪೀರಿಯಡ್ಡಿನಲ್ಲೇ ದಾಟಿಬಿಡುತ್ತದೆ. ಹಾಗಾಗಿ ಮೇಷ್ಟ್ರೂ ಗೆದ್ದರು, ಬೆಂಕಿಪೊಟ್ಟಣವೂ ಗೆದ್ದರು.

ರೊಟ್ಟಿಚಟ್ನಿ ಹೇಳಿದ ಹಾಗೆ ಅಪ್ಪನನ್ನು ಈ ಭಾನುವಾರದ ಶೋಗೆ ಕರೆದಿದ್ದೇನೆ. ಬರುತ್ತೇನೆ ಅಂತಲೂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. "ಆ ಏಣಿ ಹಿಡಿದುಕೊಳ್ಳೋಕೆ ಯಾರಾದ್ರೂ ಇರ್ತಾರಾ?" ಅಂತ ಕೇಳಿದರು. ವಿಮೆ ಅರ್ಜಿ ಹಾಕಿದ್ದೇನೆ. ಪಾಲಿಸಿ ಕೈಗೆ ಬಂದಮೇಲೆ ಮ್ಯಾನೇಜರ್ ಹತ್ತಿರ ಮಾತು. ಅದಕ್ಕೂ ಮುಂಚೆ ರಜೆ ಹಾಕಿ ಒಂದು ತಂಡದ ಜೊತೆ ಹೋಗಬೇಕು. ಸೈಡ್‌ವಿಂಗ್ ಸರ್, ಕೇಬಲ್ ಹೊರಲು ಯಾರಿಗಾದರೂ ಜನ ಬೇಕಿದ್ದರೆ ತಿಳಿಸುತ್ತೀರಾ?

ಸೈಡ್‌ವಿಂಗ್
ಮೆಸೇಜ್ ಹಾಕಿದ್ದೇನೆ ನೋಡಿ. ಪರಿಚಯದ ಒಂದು ತಂಡ ಉತ್ತರ ಕರ್ನಾಟಕದ ಕಡೆ ಹೊರಡುತ್ತಿದೆ. ಊಟ, ವಸತಿ ಅವರದ್ದು, ಸಂಬಳ ಇಲ್ಲ. ದಪ್ಪ ಅಟ್ಟೆಯ ಶೂ, ಒಂದು ಜೊತೆ ಲೆದರ್ ಗ್ಲೌಸ್, ಟೆಸ್ಟರ್ ತಗೊಳ್ಳಿ. ಗ್ಲೌಸ್ ಅಗ್ಗದ್ದು ತಗೋಬೇಡಿ.

ಬೆಂಕಿಪೊಟ್ಟಣ
ಮೇಡಂ, ಭಾನುವಾರದ ಶೋ ಎಲ್ಲಿ? ಟಿಕೆಟ್ ಎಷ್ಟು?

ಲೆಕ್ಕದಮೇಷ್ಟ್ರು
ನನಗೂ ಒಂದು ಹೇಳಿ. ಬೆಂಕಿಪೊಟ್ಟಣದ ಪಕ್ಕದ ಸೀಟ್ ಮಾತ್ರ ಬೇಡ.